ನೊರಜಿಗೊಂದು ಚೌಕ

ನನ್ನ ತಮ್ಮನ ಸೊಸೆಯ ಬೆರಳಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಬಸ್ಸಿನ ಮೈಮೇಲೆ ಆ ಬೆರಳನ್ನು ಒಂದು ಸಲ ಆಡಿಸಿದಳೆಂದರೆ ಸಾಕು, ತಗ್ಗು ಮುಚ್ಚಲು ಮೆತ್ತುವ ಪುಟ್ಟಿ ಎಲ್ಲಿ ಹೆಚ್ಚಾಗಿದೆ, ಎಲ್ಲಿ ತಗಡು ತಗ್ಗಿದೆ, ಆ ಬಸ್ಸು ಯಾವ ಕಾಲದಲ್ಲಿ ಯಾವ ಮರಕ್ಕೆ ಗುದ್ದಿತ್ತು, ಗುದ್ದುವಾಗ ಡ್ರೈವರು ಎಚ್ಚರವಾಗಿದ್ದನೋ ತೂಕಡಿಸುತ್ತಿದ್ದನೋ, ಎಲ್ಲ ಹೇಳಿಬಿಡುತ್ತಿದ್ದಳು. ಅವುಗಳಲ್ಲಿ ಕೆಲವು ನಾನೇ ಓಡಿಸಿದ ಬಸ್ಸುಗಳು. ಅವುಗಳ ಮೇಲೆ ಅವಳು ಬೆರಳಾಡಿಸಲು ಶುರು ಮಾಡಿದ ಕೂಡಲೇ ನನಗೆ ಟೀ ಕುಡಿಯುವ ನೆನಪಾಗುತ್ತಿತ್ತು.

ನಮ್ಮದು ಬಸ್ಸಿಗಾಗಿಯೇ ಹುಟ್ಟಿದ ಮನೆತನ. ನಾನು ಓಡಿಸಿದೆ, ತಮ್ಮ ಬಣ್ಣ ಹೊಡೆದ. ನಾನು ಗೀಚಿದ್ದನ್ನೆಲ್ಲ ಅವನು ಮುಚ್ಚಿದ ಎಂದರೂ ತಪ್ಪಿಲ್ಲ. ಅವನ ಮಗ ಟಿಂಕರು, ಅಂದರೆ ನೆಗ್ಗಿದ ತಗಡನ್ನು ಬಡಿದು ಸಮ ಮಾಡುವವನು. ಬಡಿದೂ ಬಡಿದೂ ಅವನ ಕಿವಿ ಎಷ್ಟು ಮಂದವಾಗಿತ್ತೆಂದರೆ, ತಲೆಯ ಮೇಲೆ ಗುಡುಗಿದರೆ ಯಾರೋ ಬಾಗಿಲು ತಟ್ಟಿದರೆಂದು ತಿರುಗಿ ನೋಡುತ್ತಿದ್ದ. ಮಾತೂ ಅಷ್ಟಕ್ಕಷ್ಟೆ. ಹುಡುಗಿ ಒಪ್ಪಿಗೆಯೇನಪ್ಪಾ ಎಂದು ನಾವು ಕೇಳಿದಾಗ ಸುತ್ತಿಗೆ ಎತ್ತಿ ಒಮ್ಮೆ ಠಣ್ಣೆನ್ನಿಸಿದ್ದ. ಅದನ್ನೇ ಹೌದೆಂದುಕೊಂಡು ಮದುವೆ ಮಾಡಿದೆವು.

ಹಾಗೆ ಬಂದವಳು ಇವಳು. ತವರಿನವರು ಹಾಸಿಗೆ ಹೊಲಿಯುವವರು. ಹತ್ತಿಯನ್ನು ಗಂಟಿಲ್ಲದ ಹಾಗೆ ಹರಡುವುದು, ಅಳತೆಪಟ್ಟಿಯ ಹಂಗಿಲ್ಲದೆ ನೆಟ್ಟಗೆ ಹೊಲಿಗೆ ಓಡಿಸುವುದು ಅವಳಿಗೆ ನಡೆಯುವುದಕ್ಕಿಂತ ಮೊದಲೇ ಬರುತ್ತಿತ್ತಂತೆ. ನಮ್ಮ ಗ್ಯಾರೇಜಿಗೆ ಊಟದ ಬುತ್ತಿ ತಂದವಳು, ತಮ್ಮ ಉಜ್ಜಿ ಮುಗಿಸಿದ್ದ ಬಾಗಿಲೊಂದರ ಮೇಲೆ ಸುಮ್ಮನೆ ಬೆರಳಾಡಿಸಿ, "ಮಾವ, ಇಲ್ಲೊಂದು ಗಂಟು ಉಳಿದಿದೆ ನೋಡಿ" ಎಂದಳು. ತಮ್ಮ ನೋಡಿದ. ಉಳಿದಿತ್ತು. ಅವತ್ತಿನಿಂದ ಉಪ್ಪುಕಾಗದ ಅವಳ ಕೈಗೆ ಬಂತು. ನೀರು ಹಾಕಿ ತಗಡು ಉಜ್ಜಿ ಅವಳು ಎಂಥ ನುಣುಪು ತರುತ್ತಿದ್ದಳೆಂದರೆ, ಬಸ್ಸಿನ ಮೇಲೆ ಕೂತ ಕಾಗೆ ಜಾರಿಬಿದ್ದು ಕುಂಟುತ್ತ ಹೋಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆದರೆ ಬಣ್ಣ ಹೊಡೆಯುವ ಗನ್ನು ಮಾತ್ರ ತಮ್ಮನದು. ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಕೆಲಸ ಮುಗಿದ ಮೇಲೆ ತಿನ್ನರಿನಲ್ಲಿ ಅದನ್ನು ಬಿಚ್ಚಿ ತೊಳೆಯುವುದೂ ಅವನೇ, ಒರೆಸಿ ಬಟ್ಟೆಯಲ್ಲಿ ಸುತ್ತಿಡುವುದೂ ಅವನೇ. ತನ್ನ ಮಗನನ್ನು ಹಾಗೆ ಮೀಯಿಸಿ ಒರೆಸಿ ಮಲಗಿಸಿದ್ದನ್ನು ನಾನಂತೂ ನೋಡಿಲ್ಲ. ಗನ್ನು ಯಾರ ಕೈಯಲ್ಲೋ ಗ್ಯಾರೇಜು ಅವರದು, ಅಷ್ಟೆ. ನಾವೆಲ್ಲ ಅವನನ್ನು ಗನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವನಿಗೆ ಅದರಿಂದ ಒಳಗೊಳಗೇ ಖುಷಿ.

ಇಂಥ ಮೇಷ್ಟ್ರ ಕೈ ಒಂದು ದಿನ ನಡುಗಲು ಶುರುವಾಯಿತು. ಮೊದಲು ಟೀ ಲೋಟದಲ್ಲಿ ಕಂಡಿತು, ಆಮೇಲೆ ಬಸ್ಸಿನ ಪಟ್ಟಿಯಲ್ಲಿ ಕಂಡಿತು. ನೆಟ್ಟಗೆ ಹೋಗಬೇಕಾದ ಕೆಂಪು ಪಟ್ಟಿ ಬೆಟ್ಟದ ರಸ್ತೆಯ ಹಾಗೆ ಹೋಗಿತ್ತು.

"ಪಕ್ಕದ ರಸ್ತೆ ಪೇಂಟರನ್ನ ಕರ್ಕೊಂಡು ಬರೋಣ. ಇನ್ಮೇಲೆ ಗನ್ನು ಅವನೇ ಹಿಡೀಲಿ" ಎಂದ ತಮ್ಮ, ಗೋಡೆಗೆ ಹೇಳುವವನ ಹಾಗೆ.

"ಯಾಕೆ ಮಾವ, ನಾನಿಲ್ವಾ?" ಎಂದಳು ಸೊಸೆ. ಕೈಯಲ್ಲಿ ಉಪ್ಪುಕಾಗದ, ಮೊಣಕೈವರೆಗೆ ಬಿಳಿ ನೀರು.

"ಉಜ್ಜೋದು ಬೇರೆ, ಹೊಡೆಯೋದು ಬೇರೆ ಕಣಮ್ಮಾ."

"ಕೈ ಬೇರೇನಾ?"

ತಮ್ಮ ಒಂದು ಹಳೆ ವ್ಯಾನಿನ ಬಾಗಿಲು ತೋರಿಸಿದ. ಹೊಡೆದು ತೋರಿಸು ಎಂಬರ್ಥ. ಹೊಡೆದಳು. ಬಣ್ಣ ಹಾಲು ಹರಡಿದ ಹಾಗೆ ಕೂತಿತು. ಅದು ಒಣಗುವಷ್ಟರಲ್ಲಿ ಬಾಗಿಲ ತುಂಬ ಎಳ್ಳು ಚೆಲ್ಲಿದ ಹಾಗೆ ನೊರಜು ಅಂಟಿಕೊಂಡಿತ್ತು.

ನೊರಜೆಂದರೆ ಸೊಳ್ಳೆಯ ಬಡ ನೆಂಟ. ಕಚ್ಚುವ ಶಕ್ತಿಯೂ ಇಲ್ಲ, ಹಾಡುವ ಕಂಠವೂ ಇಲ್ಲ. ಗ್ಯಾರೇಜಿನ ಹಿಂದೆ ಹರಿಯುತ್ತಿದ್ದ ಕಾಲುವೆ ಹೂಳು ತುಂಬಿ ನಿಂತ ಮೇಲೆ ಅವು ಅಲ್ಲಿ ಹುಟ್ಟಿ ನಮ್ಮ ಅಂಗಳಕ್ಕೆ ಬರತೊಡಗಿದ್ದವು. ಸೂರ್ಯ ಇಳಿದು ಗಾಳಿ ನಿಂತ ಕೂಡಲೇ ಮನುಷ್ಯನೆತ್ತರದಿಂದ ಮಾಳಿಗೆಯೆತ್ತರಕ್ಕೆ ಹೊಗೆಯ ಕಂಬದ ಹಾಗೆ ಎದ್ದು ನಿಲ್ಲುತ್ತಿದ್ದವು. ಒಮ್ಮೆ ಎಷ್ಟು ದಟ್ಟವಾಗಿತ್ತೆಂದರೆ, ನಾನು ಅಂಗಿ ಒಣಗಲು ಅದರ ಮೇಲೆಯೇ ಹಾಕಬಹುದಿತ್ತು. ಹಗಲು ಹೊಡೆಯೋಣವೆಂದರೆ ರಸ್ತೆಯ ಧೂಳು, ಜೊತೆಗೆ ಬಿಸಿಲಿಗೆ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿ ಒರಟಾಗುತ್ತದೆ. ಬಸ್ಸಿಗೆ ಕೊನೆಯ ಬಣ್ಣ ಹೊಡೆಯಲು ಗಾಳಿ ನಿಂತ ಸಂಜೆಯೇ ಸರಿಯಾದ ಹೊತ್ತು. ನೊರಜಿಗೂ ಅದೇ ಹೊತ್ತು.

"ನೋಡಿದ್ಯಾ?" ಎಂದ ತಮ್ಮ.

"ನೀವು ಹೊಡೆದಾಗ್ಲೂ ಬೀಳ್ತವಲ್ಲ ಮಾವ?"

"ನಾನು ಹೊಡೆದಾಗ ಬಿದ್ರೆ ಅದು ಹುಳದ ತಪ್ಪು. ನೀನು ಹೊಡೆದಾಗ ಬಿದ್ರೆ ಅದು ನಿನ್ನ ತಪ್ಪು. ನಿನ್ನ ಆ ಸೋಪಿನ ವಾಸನೆಗೇ ಅವು ಬರೋದು."

ಅವಳು ಮರುದಿನವೇ ಸೋಪು ಬದಲಿಸಿದಳು. ಆಮೇಲೆ ಸೋಪನ್ನೇ ಬಿಟ್ಟು ಸೀಮೆಎಣ್ಣೆಯಲ್ಲಿ ಕೈ ತೊಳೆದಳು. ನೊರಜು ಬರುವುದು ನಿಲ್ಲಲಿಲ್ಲ, ಗಂಡ ಊಟಕ್ಕೆ ದೂರ ಕೂರುವುದು ಶುರುವಾಯಿತು.

ಅಂಟಿದ ಹುಳಗಳನ್ನು ಸೂಜಿಯಿಂದ ಬಿಡಿಸುವ ಕೆಲಸವೂ ಅವಳದೇ ತಾನೆ? ಒಂದು ಬೆಳಿಗ್ಗೆ ಹಾಗೆ ಬಿಡಿಸುತ್ತ ಕೂತವಳು ನನ್ನನ್ನು ಕರೆದಳು. ನಾನು ಅಂಗಳದಲ್ಲಿ ಕಳಚಿಟ್ಟ ಬಸ್ಸಿನ ಸೀಟಿನ ಮೇಲೆ ಕೂತು ನಿವೃತ್ತಿ ಅನುಭವಿಸುತ್ತಿದ್ದೆ.

"ದೊಡ್ಡ ಮಾವ, ಇದೊಂದು ನೋಡಿ. ಒಂದರ ಮುಖ ಈ ಕಡೆ, ಒಂದರ ಮುಖ ಆ ಕಡೆ. ಎಲ್ಲಾ ಸೇರಿ ಎಲ್ಲಿಗಾದ್ರೂ ಹೊರಟಿದ್ರೆ ಎಲ್ಲದರ ಮುಖಾನೂ ಒಂದೇ ಕಡೆ ಇರಬೇಕಿತ್ತಲ್ವಾ?"

"ಬಸ್ಸಲ್ಲಿ ಕೂತೋರ ಮುಖ ಒಂದೇ ಕಡೆ ಇರುತ್ತೆ. ಬಸ್‌ಸ್ಟಾಪಲ್ಲಿ ನಿಂತೋರದ್ದು ಎಲ್ಲಿರುತ್ತೆ ಹೇಳು?" ಎಂದೆ, ತಮಾಷೆಗೆ.

ಅವಳು ಸೂಜಿ ಕೆಳಗಿಟ್ಟಳು. "ಹೌದಲ್ವಾ! ಇವು ಎಲ್ಲಿಗೂ ಹೋಗ್ತಿಲ್ಲ. ನಿಂತಿವೆ."

ಅದೇ ಸಂಜೆ ಅವಳೊಂದು ಕಿತಾಪತಿ ಮಾಡಿದಳು. ಚಕ್ರದ ಬಟ್ಟಲಿಗೆ ಹಚ್ಚುವ ಬೆಳ್ಳಿಬಣ್ಣದ ಪುಡಿಯನ್ನು ಅಂಗೈಗೆ ಚಿಟಿಕೆ ಹಾಕಿಕೊಂಡು, ಏಣಿ ಹತ್ತಿ, ನೊರಜಿನ ಕಂಬದೊಳಕ್ಕೆ ಉಫ್ ಎಂದು ಊದಿದಳು. ಇಳಿಬಿಸಿಲಿನಲ್ಲಿ ಅಲ್ಲೊಂದು ಇಲ್ಲೊಂದು ಹುಳ ಮಿಣಕ್ ಮಿಣಕ್ ಎಂದಿತು. ಎಲ್ಲವೂ ಒಂದೇ ಥರ ಕಾಣುವ ಆ ಸಂತೆಯಲ್ಲಿ ಕೊನೆಗೂ ಕಣ್ಣಿಗೆ ಹಿಡಿಯಲು ಒಂದು ಸಿಕ್ಕಿತು. ಅದಕ್ಕವಳು ಬೆಳ್ಳಿ ಎಂದು ಹೆಸರಿಟ್ಟು, ಕತ್ತು ಎತ್ತಿಕೊಂಡು ನಿಂತಳು. ನಾನೂ ನಿಂತೆ. ಕತ್ತು ಹಿಡಿದುಕೊಂಡದ್ದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಬೆಳ್ಳಿ ನಡುವಿನಲ್ಲಿದ್ದಾಗ ಯಾವ ಚಿಂತೆಯೂ ಇಲ್ಲದೆ ನೆಟ್ಟಗೆ ಹಾರುತ್ತಿತ್ತು. ಅಂಚಿಗೆ ಬಂದರೆ ಸಾಕು, ಏನೋ ಮರೆತು ಬಂದವನ ಹಾಗೆ ತಟಕ್ಕನೆ ತಿರುಗಿ ಒಳಗೆ ಓಡುತ್ತಿತ್ತು. ಅಂಚು ದಾಟಿದಷ್ಟೂ ಜೋರಾಗಿ ವಾಪಸ್ಸು, ಸೊಂಟಕ್ಕೆ ಯಾರೋ ರಬ್ಬರು ಕಟ್ಟಿ ಎಳೆದ ಹಾಗೆ. ಇನ್ನೊಂದು ಹುಳ ಹತ್ತಿರ ಬಂದರೆ ಎರಡೂ ಒಂದು ಗಳಿಗೆ ಜೊತೆಜೊತೆಗೆ ತೂಗಾಡಿ, "ನೀನಾ? ಸರಿ ಬಿಡು" ಎಂಬಂತೆ ತಂತಮ್ಮ ದಾರಿ ಹಿಡಿಯುತ್ತಿದ್ದವು. ಮುಂದಾಳು ಯಾರೂ ಇಲ್ಲ, ಹಿಂಬಾಲಕರೂ ಇಲ್ಲ. ಅಪರೂಪಕ್ಕೊಮ್ಮೆ ಹೊರಗಿನಿಂದ ಒಂದು ದಪ್ಪನೆಯ ಹುಳ ಒಳಗೆ ನುಗ್ಗಿದಾಗ ಮಾತ್ರ ಗಲಾಟೆ. ಅದನ್ನು ಒಂದು ತಬ್ಬಿಕೊಂಡಿತೆಂದರೆ ಎರಡೂ ಕೂಡಿ ಕಂಬದಿಂದ ಕೆಳಗೆ ಉದುರಿ ಕಾಣೆಯಾಗುತ್ತಿದ್ದವು.

"ಅದು ಹೆಣ್ಣು" ಎಂದಳು. "ಅಂಟಿದವಕ್ಕೆಲ್ಲ ಗರಿಯಂಥ ಮೀಸೆ ಇತ್ತು, ಇದಕ್ಕಿಲ್ಲ."

"ಹಾಗಾದ್ರೆ ಉಳಿದವು?"

"ಎಲ್ಲಾ ಗಂಡುಗಳು. ಕಾಯ್ತಾ ನಿಂತಿವೆ. ಆದ್ರೆ ಇಷ್ಟು ದೊಡ್ಡ ಅಂಗಳದಲ್ಲಿ ಇಲ್ಲೇ ಯಾಕೆ ಕಾಯ್ತವೆ?"

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅವಳ ಗಂಡ, ಅದೂ ಬಾಯಿ ಬಿಡದೆ. ಎರಡು ದಿನ ಕಳೆದು ಒಂದು ಬಸ್ಸಿಗೆ ಬಣ್ಣ ಮುಗಿದಿತ್ತು. ಅವನು ಅದನ್ನು ಮೆಲ್ಲಗೆ ಶೆಡ್ಡಿನ ಕಡೆ ಓಡಿಸಿಕೊಂಡು ಹೋದ. ಬಸ್ಸು ಹೋಯಿತು, ನೊರಜು ಹೋಗಲಿಲ್ಲ. ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕರ ಹಾಗೆ ಖಾಲಿ ಜಾಗದ ಮೇಲೆಯೇ ತೂಗಾಡುತ್ತ ನಿಂತಿತ್ತು. ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು. ಕೆಳಗಿದ್ದದ್ದು ತಮ್ಮನ ಚೌಕ.

ಈ ಚೌಕದ ವಿಷಯ ಹೇಳಬೇಕು. ನಮ್ಮ ಅಂಗಳಕ್ಕೆ ಬಿಳಿ ಜಲ್ಲಿಪುಡಿ ಹಾಸಿತ್ತು. ಬಣ್ಣ ಹೊಡೆಯುವ ಮೊದಲು ಧೂಳು ಏಳದಿರಲೆಂದು ಬಸ್ಸಿನ ಅಡಿಗೆ, ಸುತ್ತಲಿಗೆ ನೀರು ಹಾಕಬೇಕು. ಎಲ್ಲರೂ ಹಾಕುತ್ತಾರೆ. ಆದರೆ ನನ್ನ ತಮ್ಮ ಹಾಕಿದರೆ ಅದು ನೆಲಕ್ಕೆ ಬಳಿದ ಬಣ್ಣ. ಬಕೆಟ್ಟು, ಚೊಂಬು ಹಿಡಿದು ಅಂಚು ಎಲ್ಲೂ ಸೊಟ್ಟಗಾಗದ ಹಾಗೆ, ಮೂಲೆ ಮೂಲೆ ತೀಡಿ, ಬಿಳಿ ನೆಲದ ಮೇಲೆ ಒಂದು ಕಪ್ಪನೆಯ ಚೌಕ ಬಿಡಿಸುತ್ತಿದ್ದ. ಚಂದ್ರನ ಮೇಲಿಂದ ನೋಡಿದರೂ ಎದ್ದು ಕಾಣಬೇಕು, ಅಷ್ಟು ಅಚ್ಚುಕಟ್ಟು. ಗನ್ನು ನಡುಗಿದರೂ ಚೊಂಬು ನಡುಗುತ್ತಿರಲಿಲ್ಲ.

ಚೌಕ ಒಣಗುತ್ತ ಬಂದ ಹಾಗೆ ನೊರಜಿನ ಕಂಬ ಸಡಿಲಾಗಿ ಚದುರಿತು. ಮರುದಿನ ಅವಳು ಬೇಕೆಂದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಒಂದು ಬಕೆಟ್ಟು ನೀರು ಚೆಲ್ಲಿದಳು. ಸಂಜೆ ಕಂಬ ಅಲ್ಲಿ ಎದ್ದಿತ್ತು. ಅದರಾಚೆ ದಿನ ಹಳೆಯ ಕರಿ ಟಾರ್ಪಾಲನ್ನು ಗೇಟಿನ ಹತ್ತಿರ ಹಾಸಿದಳು. ಕಂಬ ಗೇಟಿಗೆ ನಡೆಯಿತು. ಹುಳಗಳಿಗೆ ಬೇಕಾಗಿದ್ದದ್ದು ಬಣ್ಣವಲ್ಲ, ಬಸ್ಸಲ್ಲ, ಸೋಪಂತೂ ಅಲ್ಲವೇ ಅಲ್ಲ. ಬಿಳಿಯ ನಡುವೆ ಎದ್ದು ಕಾಣುವ ಒಂದು ಕಪ್ಪು ಗುರುತು. ಪ್ರತಿಯೊಂದೂ ಆ ಗುರುತಿನ ಮೇಲೆ ಕಣ್ಣಿಟ್ಟು, ಅದನ್ನು ಬಿಟ್ಟು ಹೋಗದಂತೆ ತನ್ನಷ್ಟಕ್ಕೆ ತಾನು ತೂಗಾಡುತ್ತಿತ್ತು. ಹಾಗೆ ತೂಗಾಡುವವು ಸಾವಿರಾರು ಸೇರಿದ್ದಕ್ಕೇ ನಮ್ಮ ಕಣ್ಣಿಗೆ ಅದೊಂದು ಕಂಬ.

ವಿಷಯ ತಮ್ಮನಿಗೆ ಹೇಳಿದಳು. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ.

"ಅಂದ್ರೆ ಇಷ್ಟು ದಿನ ಅವನ್ನ ಕರೀತಿದ್ದವನು ನಾನೇ ಅಂತೀಯ?"

"ಕರೀತಿದ್ದದ್ದು ಚೌಕ, ಮಾವ."

"ಚೌಕ ಹಾಕ್ತಿದ್ದವನು ಯಾರು?"

"ಅಷ್ಟು ಚೆನ್ನಾಗಿ ಹಾಕದೇ ಇದ್ದಿದ್ರೆ ಬರ್ತಿರ್ಲಿಲ್ಲ ಬಿಡಿ."

ತಮ್ಮ ಇದನ್ನು ಹೊಗಳಿಕೆ ಎನ್ನಬೇಕೋ ಬೈಗುಳ ಎನ್ನಬೇಕೋ ತಿಳಿಯದೆ ನನ್ನ ಮುಖ ನೋಡಿದ. ನಾನು ಕಾಲುವೆಯ ಕಡೆ ನೋಡಿದೆ.

ಅದೇ ವಾರ ಬಸ್ಸಿನ ಮಾಲೀಕರು ಬಂದರು. ಬಿಳಿ ಷರ್ಟು, ಬಿಳಿ ಪ್ಯಾಂಟು, ಬಿಳಿ ಬೂಟು, ಮುಂದೆ ಒಂದು ಹೊಟ್ಟೆ. ಆ ಹೊಟ್ಟೆ ಗೇಟಿನೊಳಗೆ ಬಂದು ಕುಶಲ ವಿಚಾರಿಸಿ, ಟೀ ಕುಡಿದು ಮುಗಿಸುವ ಹೊತ್ತಿಗೆ ಮಾಲೀಕರು ಬರುತ್ತಿದ್ದರು. ಹೊಸ ದಾರಿಗೆ ಬಿಡುವ ಬಸ್ಸು, ತಿಳಿನೀಲಿ ಬಣ್ಣ ಬೇಕು, ಮರುದಿನ ಬೆಳಿಗ್ಗೆಯೇ ಹೊರಡಬೇಕು. ತಿಳಿನೀಲಿಯೆಂದರೆ ಅದರ ಮೇಲೆ ನೊರಜು ಕೂತರೆ ಆನೆ ಕೂತ ಹಾಗೆ ಕಾಣುತ್ತದೆ. ಈ ಬಸ್ಸು ಒಪ್ಪಿಗೆಯಾದರೆ ಉಳಿದ ಬಸ್ಸುಗಳೂ ಇಲ್ಲಿಗೇ ಎಂದ ಮಾಲೀಕರು ಕೆಲಸ ನೋಡಲು ಅಲ್ಲೇ ಉಳಿದರು.

ತಮ್ಮ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಬಟ್ಟೆಯಲ್ಲಿ ಸುತ್ತಿದ್ದ ಗನ್ನನ್ನು ತಂದು ಸೊಸೆಯ ಮುಂದಿಟ್ಟ.

"ಇದೊಂದೇ ಸಲ. ಒಂದೇ ಒಂದು ಹುಳದ ಕಾಲು ಕಂಡ್ರೂ ನಾಳೆಯಿಂದ ಪಕ್ಕದ ರಸ್ತೆಯವನೇ. ಆಮೇಲೆ ಅಳಬಾರದು."

"ಅಳೋದಾದ್ರೆ ನೊರಜು ಅಳ್ಲಿ" ಎಂದಳು.

ಅವಳ ಲೆಕ್ಕಾಚಾರ ಸರಳ. ಹೊಡೆಯುವ ಸ್ವಲ್ಪ ಮುಂಚೆ ಅಂಗಳವನ್ನು ಗೋಡೆಯಿಂದ ಗೋಡೆಗೆ ಪೂರ್ತಿ ಒದ್ದೆ ಮಾಡುವುದು. ಎಲ್ಲ ಕಡೆ ಕಪ್ಪಾದರೆ ಗುರುತು ಎಲ್ಲಿಯದು? ಗೇಟಿನ ಮೂಲೆಯಲ್ಲಿ ಮಾತ್ರ ನೆಲ ಬೆಳ್ಳಗೆ ಒಣಗಿರಬೇಕು, ಅದರ ನಡುವೆ ಕರಿ ಟಾರ್ಪಾಲು ಹಾಸಿರಬೇಕು. ಗಂಡನಿಗೆ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದಳು. ಊರಿಗೆಲ್ಲ ಕೇಳಿತು, ಅವನಿಗೂ ಕೇಳಿತು. ಟಾರ್ಪಾಲು ಹಾಸಿ, ಅವನು ಪೈಪು ತರಲು ಹೋದ. ಅವಳು ಬಣ್ಣ ಬೆರೆಸಲು ಶೆಡ್ಡಿನೊಳಗೆ ಹೋದಳು. ಅದಕ್ಕೆ ಗಟ್ಟಿಯಾಗಿಸುವ ಎಣ್ಣೆ ಸೇರಿಸಿದ ಮೇಲೆ ಕಾಯುವ ಹಾಗಿಲ್ಲ, ಹೊಡೆಯಲೇಬೇಕು. ಇಲ್ಲದಿದ್ದರೆ ಡಬ್ಬದಲ್ಲೇ ಕಲ್ಲಾಗುತ್ತದೆ.

ಅವಳು ಗನ್ನು ತುಂಬಿಸಿಕೊಂಡು ಹೊರಗೆ ಬಂದಾಗ ಕಂಡದ್ದೇನು? ನನ್ನ ತಮ್ಮ, ಕೈಯಲ್ಲಿ ಚೊಂಬು, ಬಸ್ಸಿನ ಸುತ್ತ ಚೌಕದ ನಾಲ್ಕನೆಯ ಮೂಲೆಯನ್ನು ತೀಡುತ್ತಿದ್ದಾನೆ. ಬಣ್ಣ ಬೆರೆಸಿದ ವಾಸನೆ ಮೂಗಿಗೆ ಬಿದ್ದ ಕೂಡಲೇ ಕೈ ತಾನಾಗಿಯೇ ಬಕೆಟ್ಟಿಗೆ ಹೋಗಿದೆ. ಜೀವಮಾನದ ಅಭ್ಯಾಸ, ಹೇಳಿದರೆ ಕೇಳುತ್ತದೆಯೇ? ಬಸ್ಸಿನ ಮೇಲೆ ಆಗಲೇ ಹೊಗೆ ಎದ್ದಂತೆ ಕಂಬ ಕಟ್ಟುತ್ತಿತ್ತು.

"ಮಾವಾ!"

ತಮ್ಮ ತಲೆ ಎತ್ತಿದ, ಮೇಲೆ ನೋಡಿದ, ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅಷ್ಟು ದೊಡ್ಡ ಬಸ್ಸಿನ ಸುತ್ತ ನೀರು ಹಾಕಿದವನು ಚೊಂಬು ಬಚ್ಚಿಟ್ಟರೆ ಆಯಿತೇ?

ಬಯ್ಯುತ್ತಾಳೆಂದು ನಾನು ಕಾದೆ. ಬಯ್ಯಲಿಲ್ಲ. "ಒಳ್ಳೇದೇ ಆಯ್ತು ಮಾವ, ಅರ್ಧ ಕೆಲಸ ಮುಗಿಸಿದ್ರಿ. ಇನ್ನು ಅಂಚು ಅಳಿಸಿ" ಎಂದಳು. ಗಂಡನ ಕಡೆ ತಿರುಗಿ, "ರೀ, ನೀರು! ಗೋಡೆಯಿಂದ ಗೋಡೆಗೆ!"

ಆಮೇಲೆ ನಡೆದದ್ದನ್ನು ಪ್ರಳಯ ಎಂದರೂ ನಡೆದೀತು. ಟಿಂಕರು ಪೈಪು ಹಿಡಿದ, ತಮ್ಮ ತನ್ನ ಕೈಯಾರೆ ಬಿಡಿಸಿದ ಚೌಕದ ಅಂಚಿನ ಮೇಲೆ ಬಕೆಟ್ಟು ಬಕೆಟ್ಟು ಸುರಿದ. ಅವನ ಮುಖ ನೋಡಿದರೆ ಸ್ವಂತ ಹಸ್ತಾಕ್ಷರ ಅಳಿಸುವವನ ಹಾಗಿತ್ತು. ನಾನು ಸೀಟಿನಿಂದ ಎದ್ದು ಒಂದು ಮಗ್ಗು ನೀರು ಹಾಕಿದೆ. ಅಂಗಳ ಮುಳುಗಿದ್ದು ಮುಖ್ಯವಾಗಿ ಆ ಮಗ್ಗಿನಿಂದಲೇ ಎಂದು ನಾನು ಈಗಲೂ ಹೇಳುವುದುಂಟು.

ನೆಲವೆಲ್ಲ ಒಂದೇ ಕಪ್ಪಾಯಿತು. ಬಸ್ಸಿನ ಮೇಲಿನ ಕಂಬ ಗುರುತು ಕಳೆದುಕೊಂಡು ಅತ್ತಿತ್ತ ವಾಲಿತು, ಹರಡಿತು, ಅಂಚೇ ಇಲ್ಲದ ಕಡೆ ಎಲ್ಲಿ ತಿರುಗಬೇಕೆಂದು ತಿಳಿಯದೆ ಹುಳಗಳು ಚದುರಿದವು. ಅಷ್ಟರಲ್ಲಿ ಬಿಳಿ ಬೂಟಿಗೆ ಕೆಸರು ಹತ್ತೀತೆಂದು ಹೆದರಿದ ಮಾಲೀಕರು, ಇಡೀ ಅಂಗಳದಲ್ಲಿ ಒಣಗಿ ಉಳಿದಿದ್ದ ಒಂದೇ ಜಾಗಕ್ಕೆ ಹಾರಿದ್ದರು. ಕರಿ ಟಾರ್ಪಾಲಿನ ನಟ್ಟನಡುವೆ ಹೊಟ್ಟೆ ಸಮೇತ ನಿಂತಿದ್ದರು. ನೊರಜು ಒಂದೊಂದಾಗಿ ಅಲ್ಲಿಗೆ ಬಂತು. ನೋಡನೋಡುತ್ತಿದ್ದಂತೆ ಮಾಲೀಕರ ನೆತ್ತಿಯ ಮೇಲೆ ಹೊಗೆಗೂಡು ಇಟ್ಟ ಹಾಗಾಯಿತು.

"ಏನ್ರೀ ಇದು!" ಅವರು ಕೈ ಬೀಸಿ ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟರು. ಕಂಬವೂ ಅವರ ತಲೆಯನ್ನೇ ಗುರುತು ಮಾಡಿಕೊಂಡು ಒಂದು ಹೆಜ್ಜೆ ಇಟ್ಟಿತು.

"ಬರಬೇಡಿ ಯಜಮಾನ್ರೇ, ಅಲ್ಲೇ ನಿಂತಿರಿ! ದೊಡ್ಡ ಮಾವ, ಹಿಡ್ಕೊಳ್ಳಿ ಅವರನ್ನ!" ಗನ್ನು ಆಗಲೇ ಸುಯ್ ಎನ್ನುತ್ತಿತ್ತು.

ನನಗೆ ಸಿಕ್ಕ ಕೆಲಸ ಇದು. ನಾನು ಟಾರ್ಪಾಲಿನ ಅಂಚಿಗೆ ಹೋಗಿ ದನಿ ತಗ್ಗಿಸಿದೆ. "ಯಜಮಾನ್ರೇ, ಇವು ಎಲ್ಲರ ತಲೆ ಮೇಲೂ ನಿಲ್ಲಲ್ಲ. ನಾನು ಇಲ್ಲಿ ಕೂತು ಎಷ್ಟು ಕಾಲ ಆಯ್ತು, ನನ್ನ ತಲೆಗೆ ಒಂದಾದ್ರೂ ಬಂದಿದ್ಯಾ ಕೇಳಿ."

"ಅಂದ್ರೆ?"

"ಭಾರಿ ಆಳುಗಳಿಗೇ ಇದು. ಕೊಡೆ ಹಿಡೀತವೆ."

ಮಾಲೀಕರು ನೆತ್ತಿಯ ಕಡೆ ಕಣ್ಣು ಹೊರಳಿಸಿದರು. ಕೈ ಬೀಸುವುದು ನಿಂತಿತು. ಹೊಟ್ಟೆ ಒಳಗೆ ಹೋಯಿತು, ಎದೆ ಹೊರಗೆ ಬಂತು. ಅವತ್ತು ಅವರು ನಿಂತ ಹಾಗೆ ಊರ ನಡುವಿನ ಕಲ್ಲಿನ ಪ್ರತಿಮೆಯೂ ನಿಂತಿರಲಾರದು.

ಆ ಕಡೆ ಸೊಸೆಯ ಕೈ ಹಾಸಿಗೆಗೆ ಉದ್ದ ಹೊಲಿಗೆ ಹಾಕುವ ಹಾಗೆ ಓಡುತ್ತಿತ್ತು. ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು, ತುದಿಗೆ ಬಂದಾಗ ಬೆರಳು ಸಡಿಲ, ತಿರುಗಿದಾಗ ಮತ್ತೆ ಬಿಗಿ. ಅವಸರವಿಲ್ಲ, ನಡುಕವಿಲ್ಲ. ತಮ್ಮ ಮೊದಲು ಬಣ್ಣ ನೋಡುತ್ತಿದ್ದ, ಆಮೇಲೆ ಕೈ ಮಾತ್ರ ನೋಡತೊಡಗಿದ. ತಿಳಿನೀಲಿ ಬಸ್ಸಿನ ಉದ್ದಕ್ಕೂ ಹರಡಿ ಹಿಂದಿನ ಏಣಿಯವರೆಗೆ ಹೋಗಿ ಮುಗಿಯಿತು.

ಬಣ್ಣ ಕೈಗೆ ಅಂಟದಷ್ಟು ಒಣಗಿದ ಮೇಲೆ ತಮ್ಮ ತಂತಿಗೆ ಕಟ್ಟಿದ ಬಲ್ಬು ಹಿಡಿದು ಪರೀಕ್ಷೆಗೆ ಹೊರಟ. ಮೂಗು ತಗಡಿಗೆ ತಾಗಬೇಕು, ಅಷ್ಟು ಹತ್ತಿರ. ಎಡಬದಿ ಮುಗಿಯಿತು, ಮುಂಭಾಗ ಮುಗಿಯಿತು, ಬಲಬದಿ ಮುಗಿಯಿತು. ಹಿಂಭಾಗಕ್ಕೆ ಬರುವ ಮೊದಲೇ ಸೊಸೆ ಹೇಳಿದಳು:

"ಏಣಿ ಪಕ್ಕ ಒಂದಿದೆ ಮಾವ. ನಾನೇ ನೋಡ್ದೆ."

ಟಿಂಕರು ಹೆಂಡತಿಯನ್ನು ನೋಡಿದ. ಇದೊಂದು ಮಾತು ಅವನಿಗೆ ಯಾರೂ ಕೂಗದೆಯೇ ಕೇಳಿಸಿತ್ತು. ತಮ್ಮ ಏಣಿಯ ಹತ್ತಿರ ಬಲ್ಬು ಹಿಡಿದ. ಇತ್ತು. ಗರಿಮೀಸೆಯ ಒಂದೇ ಒಂದು ಗಂಡು, ಕಾಲು ಚಾಚಿ, ತಿಳಿನೀಲಿಯ ಮೇಲೆ ಆನೆಯ ಹಾಗೆ. ನನಗೆ ದೂರದಿಂದಲೇ ಕಂಡಿತು.

ತಮ್ಮ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕನ್ನಡಕ ತೆಗೆದ, ಅಂಗಿಯ ಚುಂಗಿನಲ್ಲಿ ಒರೆಸಿದ, ಮತ್ತೆ ಹಾಕಿಕೊಳ್ಳದೆ ಜೇಬಿಗಿಟ್ಟುಕೊಂಡ.

"ಎಲ್ಲಮ್ಮಾ? ನನಗೇನೂ ಕಾಣ್ತಿಲ್ಲ."

"ಅಲ್ಲೇ ಮಾವ, ನಿಮ್ಮ ಮೂಗಿನ ಮುಂದೆ..."

"ಕಾಣ್ತಿಲ್ಲ ಅಂದ್ನಲ್ಲ."

ಯಾವತ್ತೂ ತೊಳೆಯುವವನು ಅವನೇ ಎಂದು ಅವಳು ಗನ್ನನ್ನು ಅವನ ಕಡೆ ಚಾಚಿದಳು. ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಕೈಗೆ ಯಾಕೆ ಕೊಡ್ತೀಯ? ಹೊಡೆದವರೇ ತೊಳೀಬೇಕು. ತಿನ್ನರು ಮೂಲೇಲಿದೆ. ಮೂತೀಲಿ ಬಣ್ಣ ನಿಲ್ಲದ ಹಾಗೆ ತೊಳಿ, ನಾಳೇನೂ ಬೇಕಾಗುತ್ತೆ."

ಟಿಂಕರು ಸುತ್ತಿಗೆ ಎತ್ತಿ ಠಣ್ಣೆನ್ನಿಸಿದ. ಒಂದಲ್ಲ, ಎರಡು ಸಲ.

ಮಾಲೀಕರ ಉಳಿದ ಬಸ್ಸುಗಳೂ ಬಂದವು. ಬಂದಾಗಲೆಲ್ಲ ಅವರು ತಾವಾಗಿಯೇ ಟಾರ್ಪಾಲಿನ ಮೇಲೆ ಹೋಗಿ ನಿಲ್ಲತೊಡಗಿದರು, ನಾವು ಬೇಡವೆನ್ನಲಿಲ್ಲ. ಪಕ್ಕದ ರಸ್ತೆಯ ಪೇಂಟರು ಒಂದು ಸಲ ಬಂದು, ನಿಮ್ಮಲ್ಲಿ ಹುಳ ಯಾಕೆ ಬೀಳಲ್ಲ ಎಂದು ಕೇಳಿದ. ನಾನು ಸೋಪು ಎಂದೆ.

ತಮ್ಮನೊಬ್ಬನೇ ಕೆಲವು ದಿನ ಕೆಲಸವಿಲ್ಲದವನ ಹಾಗೆ ಅಂಗಳದಲ್ಲಿ ಅಡ್ಡಾಡಿದ. ಒಂದು ಸಂಜೆ ಸೊಸೆ ಗನ್ನು ತುಂಬಿಸಿಕೊಂಡು ಹೊರಗೆ ಬಂದಾಗ ಟಾರ್ಪಾಲು ಮಡಚಿ ಗೋಡೆಗೊರಗಿಸಿತ್ತು. ಗೇಟಿನ ಮೂಲೆಯ ಬಿಳಿ ನೆಲದ ಮೇಲೆ, ಚೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತು, ಅವನು ನೀರಿನಿಂದ ಒಂದು ಚೌಕ ಬಿಡಿಸುತ್ತಿದ್ದ. ನಾಲ್ಕೂ ಅಂಚು ದಾರ ಹಿಡಿದ ಹಾಗೆ ನೆಟ್ಟಗಿದ್ದವು.

"ಟಾರ್ಪಾಲಿಗೆ ಏನಾಗಿತ್ತು ಮಾವ?" ಎಂದಳು ಅವಳು.

"ಮೂಲೆ ಸೊಟ್ಟ ಇತ್ತು" ಎಂದ ತಮ್ಮ, ತಲೆ ಎತ್ತದೆ. ಅವನ ತಲೆಯ ಮೇಲೆ ಮೊದಲ ನೊರಜುಗಳು ಆಗಲೇ ಬಂದು ತೂಗಾಡುತ್ತಿದ್ದವು.